ಬಳೆ ತೊಟ್ಟ ಕೈ, ರಾಣಿ ಹುಳ

ಗೌರಿಗೆ ಹುಳ-ಹುಪ್ಪಟೆಗಳ ಚಿತ್ರ ತೆಗೆಯುವ ಕೆಲಸ ಸಿಕ್ಕಿತು ಎಂದು ಅವಳಪ್ಪ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಹಾಗೇ ನಿಂತಿತು. ನಾನೂ ಅದೇ ಕೆಲಸ ಮಾಡಿದವಳು. ಜೇನುಹುಳದ ಮೂತಿಗೆ ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಚಿತ್ತಾಪುರ, ಸೇಡಂ, ಚಿಂಚೋಳಿ ಸುತ್ತಿದವಳು. ಅಷ್ಟು ವರ್ಷಗಳಲ್ಲಿ ಹುಳಕ್ಕೆ ಅಂಜದೆ ಇದ್ದ ದಿನ ಒಂದೂ ಇಲ್ಲ. ಮೊಮ್ಮಕ್ಕಳು ಗೌರಿ, ಶರಣು ಇಬ್ಬರೂ ಎದುರಿಗೆ ಕುಳಿತು "ಅಜ್ಜಿ, ಹೇಳು" ಎಂದರೆ ನನಗೆ ಬಾಯಿ ಬರುವುದಿಲ್ಲ. ಕುರಕುಂಟಾದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರವಿದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಬೆಳಕು, ಲೆನ್ಸು, ತಾಳ್ಮೆ ಇವನ್ನೆಲ್ಲ ಗೌರಿಗೆ ಕಲಿಸುವವರು ಇದ್ದಾರೆ. ಚಿತ್ರ ತೆಗೆಯುವವರಿಗೆ ಇನ್ನೊಂದು ಕಾಟವಿದೆ, ಅದನ್ನು ಯಾರೂ ಕಲಿಸುವುದಿಲ್ಲ. ಮಂದಿ ಚಿತ್ರದಲ್ಲಿ ಇರುವವರನ್ನು ನೋಡುತ್ತಾರೆ, ತೆಗೆದವರನ್ನು ನೋಡುವುದಿಲ್ಲ. ನನಗೆ ಮಂದಿಯ ಮುಂದೆ ನಿಲ್ಲಲು ನಾಚಿಕೆ. ಆದರೂ ಯಾರೂ ನೋಡಲಿಲ್ಲವೆಂದು ಹೊಟ್ಟೆಕಿಚ್ಚು. ಈ ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಕೆಲಸ ಮಾಡಿದೆ.

ಮೊದಲು ಅಂಜಿಕೆಯ ಮಾತು. ನಾನು ಸಣ್ಣವಳಿದ್ದಾಗ ಎಳ್ಳಮಾಸಿ ಹಬ್ಬಕ್ಕೆ ಎಲ್ಲರೂ ಹೊಲಕ್ಕೆ ಊಟಕ್ಕೆ ಹೋಗಿದ್ದೆವು. ಭಜ್ಜಿಪಲ್ಲೆ ಬಿಸಿ ಮಾಡಲೆಂದು ಅಪ್ಪ ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದ. ಮೇಲಿನ ಕೊಂಬೆಗೆ ಹೆಜ್ಜೇನು ಕಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಹೊಗೆ ಏರಿತು, ಹುಳ ಇಳಿದವು. ತಿಳಿದವರು ಕಂಬಳಿ ಹೊದ್ದು ಜೋಳದ ಸಾಲಿನಲ್ಲಿ ಮಲಗಿಬಿಟ್ಟರು. ನಾನು ಓಡಿದೆ. ಓಡಿದವಳ ಬೆನ್ನು ಹತ್ತಿದವು. ಮುಖ ಬಾತು ಕಣ್ಣು ಮುಚ್ಚಿಹೋದವು. ಶಾಲೆಗೆ ಹೋದರೆ ಹುಡುಗಿಯರು "ಕುಂಬಳಕಾಯಿ ಬಂತು, ಜಾಗ ಬಿಡ್ರಿ" ಎಂದರು. ಆಮೇಲೆ ಗೋಡೆಯ ಮೇಲೆ ನೊಣ ಗುಂಯ್ ಎಂದರೂ ನನ್ನ ಅಂಗೈ ಬೆವರುತ್ತಿತ್ತು.

ಮದುವೆಯಾಗಿ ಶಹಾಬಾದಕ್ಕೆ ಬಂದೆ. ನಿಮ್ಮಜ್ಜ ಫೋಟೋಗ್ರಾಫರ್. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಪರಸಿ ಕಲ್ಲಿನ ನೆಲ, ಒಂದು ಗೋಡೆಗೆ ಬಣ್ಣದ ಪರದೆ, ನಡುವೆ ಮೂರು ಕಾಲಿನ ಮರದ ಕ್ಯಾಮೆರಾ. ಅದರ ಮೂಲೆಯಲ್ಲಿ ಚಿತ್ರ ತೊಳೆಯುವ ಕತ್ತಲೆ ಕೋಣೆ, ಅಲ್ಲಿಯ ಕೆಲಸವನ್ನು ಅವರು ನನಗೆ ಕಲಿಸಿದರು. ಕೆಂಪು ದೀಪದಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ಅಲ್ಲಿ ಮಾತ್ರ ನಾನು ಅವರೊಡನೆ ಧೈರ್ಯವಾಗಿ ಮಾತಾಡುತ್ತಿದ್ದೆ. ನಿಮ್ಮಪ್ಪ ಇನ್ನೂ ತೊಡೆಯ ಮೇಲಿನ ಕೂಸಾಗಿದ್ದಾಗ ಅವರು ಜ್ವರದಿಂದ ತೀರಿಕೊಂಡರು. ಕ್ಯಾಮೆರಾದ ಹಿಂದೆ ನಾನು ನಿಂತೆ. ಗಂಡಸರು ಬಜಾರದ ಸ್ಟುಡಿಯೋಕ್ಕೆ ಹೋದರು. ಗಂಡಸಿನ ಮುಂದೆ ಸೆರಗು ಸರಿಸಲು ನಾಚುವ ಹೆಣ್ಣುಮಕ್ಕಳು ನನ್ನಲ್ಲಿಗೆ ಬಂದರು.

ಸ್ಟುಡಿಯೋದಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಹಸಿರು ಗಾಜಿನ ಬಳೆ, ಕಾಗದದ ಮಲ್ಲಿಗೆ ದಂಡೆ, ಮುತ್ತಿನಂತೆ ಕಾಣುವ ಸರ. ಕಲ್ಲಿನ ಗಣಿಯಲ್ಲಿ ದುಡಿಯುವವರ ಮನೆಯ ಹುಡುಗಿಯರು ವರನ ಕಡೆಯವರಿಗೆ ತೋರಿಸುವ ಫೋಟೋಕ್ಕೆ ಬಂದರೆ ಅವನ್ನು ತೊಡಿಸಿ ಕೂರಿಸುತ್ತಿದ್ದೆ. ಬಳೆಯಿಲ್ಲದ ನನ್ನ ಕೈಯಿಂದ ಅವರ ಕೈಗೆ ಬಳೆ ಏರಿಸುವುದನ್ನು ಒಂದಿಬ್ಬರು ತಾಯಂದಿರು ಒಪ್ಪುತ್ತಿರಲಿಲ್ಲ. "ಕಮಲಾಗ ಕರೀರಿ, ಆಕಿ ತೊಡಿಸ್ಲಿ" ಎನ್ನುತ್ತಿದ್ದರು.

ಕಮಲಾ ನನ್ನ ಮೈದುನ ಮಲ್ಲಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಚಿತ್ತಾಪುರದ ಮಗಳು. ಎತ್ತರದ ಆಳು, ನಗು ಬಾಯಿತುಂಬ. ಅವಳು ಒಳಗೆ ಬಂದರೆ ಅಳುವ ಮಗು ಸುಮ್ಮನಾಗುತ್ತಿತ್ತು. ಅವಳ ಮೊಣಕೈವರೆಗೂ ಬಳೆ. ತವರಿನಿಂದ ಹೊಲಿಗೆ ಮಶೀನ್ ತಂದಿದ್ದಳು, ಅದು ಅಡುಗೆಮನೆಯ ಮೂಲೆಯಲ್ಲಿ ಕತ್ತಲಲ್ಲಿತ್ತು. ರಸ್ತೆಗೆ ಮುಖ ಮಾಡಿದ ನನ್ನ ಕೋಣೆ ಅವಳಿಗೆ ಬೇಕಾಗಿತ್ತು. ಬೇಕು ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ವಾಡಿಯ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಮಲ್ಲಣ್ಣನೇ ಒಂದು ಸಂಜೆ ನನ್ನೆದುರು ನಿಂತು ಹೇಳಿದ.

"ವೈನಿ, ಖೋಲಿ ಖಾಲಿ ಬಿದ್ದಂಗ ಅದ. ಕಮಲಾನ ಮಶೀನ್ ಅಲ್ಲಿಟ್ರ ನಾಲ್ಕು ಮಂದಿ ಬರ್ತಾರ. ನಿಮಗ ಬ್ಯಾಸರಾಗಬಾರದು. ಈ ಸುಗ್ಗಿ ತನಕ ನೋಡೋಣ. ಫೋಟೋದ ಕೆಲಸ ಬಂತಂದ್ರ ಖೋಲಿ ನಿಮ್ಮದೇ."

ನಾನು ಆಗಲೆಂದು ತಲೆಯಾಡಿಸಿದೆ. ಆ ಕೋಣೆ ಹೋದರೆ ಅಡುಗೆಮನೆಯೊಂದೇ ನನ್ನ ಲೋಕ. ಕೆಂಪು ದೀಪವೂ ಇಲ್ಲ, ಅದರ ಕೆಳಗೆ ನೆನಪಾಗುವ ದನಿಯೂ ಇಲ್ಲ.

ಆ ಸುಗ್ಗಿಯ ಮುಂಚೆಯೇ ಜೇನು ಮಾಸ್ತರ ಬಂದರು. ಹೆಸರು ಹಣಮಂತರಾಯ. ಸರ್ಕಾರದಿಂದ ರೈತರಿಗೆ ಜೇನು ಸಾಕುವುದನ್ನು ಕಲಿಸುವವರು, ಅದಕ್ಕೇ ಎಲ್ಲರೂ ಜೇನು ಮಾಸ್ತರ ಎನ್ನುತ್ತಿದ್ದರು. ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಪಟ ಮಾಡಿಸಬೇಕಿತ್ತು. ಹೂವಿನ ಮೇಲೆ ಕೂತ ಹುಳ, ಜೇನಿನ ಎರಿಯ ಮೇಲೆ ನಡೆಯುವ ರಾಣಿ ಹುಳ, ಎಲ್ಲವೂ ಕೈಯಗಲ ದೊಡ್ಡದಾಗಿ ಕಾಣಬೇಕು. ಪಟ ಚೆನ್ನಾಗಿ ಬಂದರೆ ಕಚೇರಿಯ ಚಿತ್ರದ ಕೆಲಸವೆಲ್ಲ ತೆಗೆದವರಿಗೇ. ಬಜಾರದ ಸ್ಟುಡಿಯೋದವರು ಹುಳ ಎಂದ ಕೂಡಲೇ ಕೈಮುಗಿದು ಕಳಿಸಿದ್ದರಂತೆ.

"ಅಕ್ಕಾರ, ಚಿತ್ತಾಪುರದಾಗ ನಮ್ಮ ಜೇನುಪೆಟ್ಟಿಗಿ ಅವ. ಅಲ್ಲಿ ಬಂದು ಹುಳದ ಫೋಟೋ ತಗೀತೀರೇನ್ರಿ?"

ನಾನು ಬಾಗಿಲ ಹಿಂದೆ ನಿಂತು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅದು ಅವರಿಗೆ ಕಾಣಲಿಲ್ಲ. ಒಳಗಿನಿಂದ ಕಮಲಾ ಕೂಗಿದಳು, "ತಗೀತಾರ್ರಿ. ಯಾಕ ತಗ್ಯಂಗಿಲ್ಲ? ಯಾವತ್ತು ಬರಬೇಕು ಹೇಳ್ರಿ."

ನನ್ನ ಕೆಲಸವನ್ನು ಅವಳ ಬಾಯಿ ಒಪ್ಪಿಕೊಂಡಿತು. ಕೋಣೆ ತನಗೆ ಬೇಕಾಗಿದ್ದವಳು ಹೀಗೇಕೆ ಹೇಳಿದಳು? ಚಿತ್ತಾಪುರ ಎಂದ ಕೂಡಲೇ ತವರಿನ ನೆನಪು ಬಂದಿರಬೇಕು ಎಂದುಕೊಂಡೆ. ನನ್ನೊಬ್ಬಳನ್ನೇ ಪರ ಗಂಡಸಿನ ಜೊತೆ ಕಳಿಸುವುದು ಮಲ್ಲಣ್ಣನಿಗೆ ಸರಿಬರಲಿಲ್ಲ. ಕಮಲಾಳೂ ಜೊತೆಗೆ ಹೊರಟಳು.

ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರದಲ್ಲಿ ಇಳಿದೆವು. ಪೆಟ್ಟಿಗೆಗಳು ಹುಣಸೆಮರದ ನೆರಳಲ್ಲಿದ್ದವು. ಮಾಸ್ತರರು ಹೊಗೆಡಬ್ಬಿಯಿಂದ ಹೊಗೆ ಬಿಟ್ಟು ಹುಳ ಮುತ್ತಿದ ಚೌಕಟ್ಟೊಂದನ್ನು ಎತ್ತಿ ಹಿಡಿದರು. ನಾನು ಬೆಳಕಿನಲ್ಲಿ ಕ್ಯಾಮೆರಾ ನಿಲ್ಲಿಸಿ, ಸ್ಟುಡಿಯೋದಲ್ಲಿ ಮಾಡುವಂತೆ ಕರಿ ಬಟ್ಟೆ ಹೊದ್ದು ಬಗ್ಗಿದೆ.

ಮರದ ಕ್ಯಾಮೆರಾ ಕಾಣದ ನಿಮಗೆ ಹೇಳುತ್ತೇನೆ. ಅದರ ಬೆನ್ನಿಗೆ ಮಸುಕು ಗಾಜು ಇರುತ್ತದೆ. ಎದುರಿನ ವಸ್ತು ಅದರ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಹೊರಗಿನ ಬೆಳಕು ಬೀಳಬಾರದೆಂದು ಕರಿ ಬಟ್ಟೆಯೊಳಗೆ ತಲೆಯಿಟ್ಟು ನೋಡಬೇಕು. ಮನುಷ್ಯರ ಚಿತ್ರಕ್ಕೆ ಇದರಿಂದ ತೊಂದರೆಯಿಲ್ಲ. ಜೇನುಹುಳಕ್ಕೆ ಕರ್ರಗಿನ ದೊಡ್ಡ ವಸ್ತು ಎದುರಿಗೆ ಬಗ್ಗಿದರೆ ಕರಡಿ ಬಂದಂತೆ. ಗೂಡು ಕೀಳುವ ಪ್ರಾಣಿಯೆಂದೇ ತಿಳಿದು ಮೈಮೇಲೆ ಬರುತ್ತವೆ. ಬಟ್ಟೆಗೆ ಟಪಟಪ ಬಡಿದವು. ಒಂದು ಒಳಗೇ ಬಂತು. ಆ ಕತ್ತಲಲ್ಲಿ ನಾನು ಮತ್ತು ಗುಂಯ್ ಎನ್ನುವ ಒಂದು ಹುಳ. ಬಟ್ಟೆ ಸಮೇತ ಓಡಿದೆ. ಓಡಿ ಬೇಲಿಗೆ ಸಿಕ್ಕಿಕೊಂಡೆ.

ಬಟ್ಟೆ ಬಿಡಿಸಿಕೊಂಡು ಹಿಂದೆ ನೋಡಿದರೆ ಮಾಸ್ತರರು ಬಿದ್ದ ಹೊಗೆಡಬ್ಬಿ ಹುಡುಕುತ್ತಿದ್ದರು. ಚೌಕಟ್ಟು ಕಮಲಾಳ ಕೈಯಲ್ಲಿತ್ತು. ಬರಿಗೈ. ಬೆರಳ ಮೇಲೆಲ್ಲ ಹುಳ ಹರಿದಾಡುತ್ತಿದ್ದವು. ಅವಳು ಕೂಸಿನ ಮುಖ ನೋಡುವಂತೆ ನೋಡುತ್ತಿದ್ದಳು.

"ಅಕ್ಕಾ, ಬಾ ಇಲ್ಲಿ. ಬೆಕ್ಕಿನ ಮರಿ ಮೈಯಂಗ ಮೆತ್ತಗ ಅವ ನೋಡು."

"ಭಾಳ ಧೈರ್ಯ ಅದ ನೋಡ್ರಿ ಈ ತಂಗಿಗಿ" ಎಂದರು ಮಾಸ್ತರರು. ಹುಣಸೆಮರದ ಕೆಳಗೆ ಸೇರಿದ್ದ ಮಂದಿಯೂ ಅದನ್ನೇ ಅಂದರು. ವಾಡಿಗೆ ಬರುವವರೆಗೂ ರೈಲಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ.

ಮನೆಗೆ ಬಂದ ಮಾರನೆಯ ದಿನ ಮಶೀನಿನ ಸದ್ದು ಕೇಳಿತು. ಹೋಗಿ ನೋಡಿದರೆ ಕಮಲಾ ನನ್ನ ಟ್ರಂಕಿನಲ್ಲಿದ್ದ ನಿಮ್ಮಜ್ಜನ ಬಿಳಿ ಧೋತರವನ್ನು ಕತ್ತರಿಸಿ ಹೊಲಿಯುತ್ತಿದ್ದಳು. ಹೊರಗೆ ಧೋತರ, ಒಳಗೆ ಕರಿ ಬಟ್ಟೆ. ಬಿಳಿ ಬಟ್ಟೆಯ ಮೇಲೆ ಹುಳ ಬರುವುದಿಲ್ಲವೆಂದು ಮಾಸ್ತರರನ್ನು ಕೇಳಿ ತಿಳಿದುಕೊಂಡಿದ್ದಳು. ನಾನು ಸಿಟ್ಟಿನಿಂದ ಧೋತರದ ಅಂಚು ಹಿಡಿದು ಎಳೆದೆ.

"ಅದು ಅವರದು, ಕಮಲಾ."

"ಗೊತ್ತದ ಅಕ್ಕಾ. ಮತ್ಯಾರದ್ದು ಹೊದೀತಿ ನೀನು?"

ಹೊಲಿದು ಮುಗಿಸಿ ನನ್ನ ಕೈಗೆ ಕೊಟ್ಟಳು. ಆ ಬಟ್ಟೆಯೊಳಗೆ ತಲೆಯಿಟ್ಟಾಗ ಹಳೆಯ ಧೋತರದ ವಾಸನೆ ಬಂತು. ಇಂಥದ್ದು ನನಗೆ ಹೊಳೆಯಲಿಲ್ಲವಲ್ಲ, ಅವಳಿಗೆ ಹೊಳೆಯಿತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಗೌರಿ, ಅಂಜಿಕೆಯನ್ನು ಗೆಲ್ಲಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡ. ನಾನು ಗೆಲ್ಲಲಿಲ್ಲ. ಬಟ್ಟೆಯೊಳಗೆ ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ನಡೆಯುವ ಹುಳವನ್ನು ಕಂಡು ನನಗೆ ಅಂಜಿಕೆಯಾಗುತ್ತಿರಲಿಲ್ಲ, ಅಷ್ಟೆ. ಅದರ ಕಾಲಿನ ಕೂದಲು, ಕಾಲಿಗಂಟಿದ ಹಳದಿ ಪರಾಗದ ಉಂಡೆ, ರೆಕ್ಕೆಯ ಗೆರೆ ನೋಡುತ್ತಾ ಮೈಮರೆಯುತ್ತಿದ್ದೆ. ಬಟ್ಟೆ ಸರಿಸಿ ಅದೇ ಹುಳವನ್ನು ಬರಿಗಣ್ಣಿನಿಂದ ನೋಡಿದರೆ ಮತ್ತೆ ಅಂಗೈ ಬೆವರುತ್ತಿತ್ತು.

ಹೂವಿನ ಮೇಲಿನ ಹುಳಕ್ಕೆ ಮರದ ಕ್ಯಾಮೆರಾ ಆಗುತ್ತಿರಲಿಲ್ಲ. ಚಿತ್ರ ಮೂಡುವ ಗಾಜಿನ ಪ್ಲೇಟು ಹಾಕುವಷ್ಟರಲ್ಲಿ ಹುಳ ಹಾರಿಹೋಗುತ್ತಿತ್ತು. ನಿಮ್ಮಜ್ಜ ಮದುವೆಗಳಿಗೆ ಒಯ್ಯುತ್ತಿದ್ದ ಎರಡು ಕಣ್ಣಿನ ಕ್ಯಾಮೆರಾ ಇತ್ತು. ಮೇಲಿನ ಕಣ್ಣಿನಿಂದ ನಾವು ನೋಡುವುದು, ಕೆಳಗಿನ ಕಣ್ಣಿನಿಂದ ಚಿತ್ರ ಬೀಳುವುದು. ಅದನ್ನು ತೆಗೆದುಕೊಂಡು ಸೇಡಂ ದಾರಿಯ ಕುಸುಬಿ ಹೊಲಕ್ಕೆ ಹೋದೆವು. ಮುಳ್ಳಿನ ನಡುವೆ ಕುಳಿತು ರೋಲು ಪೂರ್ತಿ ತೆಗೆದೆ. ಒಂದೊಂದು ಹುಳವೂ ಹೂವಿನ ಮೇಲೆ ಗೊಂಬೆಯಂತೆ ಕೂತಿತ್ತು. ತೊಳೆದು ನೋಡಿದರೆ ಒಂದಕ್ಕೂ ತಲೆಯಿಲ್ಲ.

ಕಮಲಾ ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದಳು. "ಅಕ್ಕಾ, ಎಲ್ಲಾ ಕುಂಡಿ ಬಂದಾವ. ಮಾಸ್ತರಿಗಿ ಏನಂತ ಹೇಳೋಣು? ಹುಳ ನಾಚ್ಕೊಂಡು ಮಾರಿ ತಿರುವ್ಯಾವ ಅನ್ನೋಣೇನು?"

ನಗಬಾರದೆಂದರೂ ನಗು ಬಂತು. ದೂರದ ಮನುಷ್ಯರಿಗೆ ಎರಡು ಕಣ್ಣಿನ ಅಂತರ ಲೆಕ್ಕಕ್ಕೆ ಬರುವುದಿಲ್ಲ. ಗೇಣು ದೂರದ ಹುಳಕ್ಕೆ ಬರುತ್ತದೆ. ಮೇಲಿನ ಕಣ್ಣು ತಲೆ ನೋಡಿದಾಗ ಕೆಳಗಿನ ಕಣ್ಣು ಕಾಲು ನೋಡುತ್ತಿರುತ್ತದೆ. ಮೇಲಿನ ಕಣ್ಣು ಇದ್ದ ಜಾಗಕ್ಕೇ ಕೆಳಗಿನ ಕಣ್ಣನ್ನು ತಂದು ನಿಲ್ಲಿಸಿದರೆ? ಶಹಾಬಾದದಲ್ಲಿ ಪರಸಿ ಕಲ್ಲಿನ ತುಂಡಿಗೆ ಬರವೇ? ಕಲ್ಲು ಕೊಯ್ಯುವಲ್ಲಿ ಬಿದ್ದ ಚೂರುಗಳಲ್ಲಿ ಆ ಅಂತರದಷ್ಟೇ ದಪ್ಪನೆಯ ತುಂಡನ್ನು ಹುಡುಕಿ ತಂದೆ. ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು ನೋಡುವುದು, ಆಮೇಲೆ ಕ್ಯಾಮೆರಾದ ಕೆಳಗೆ ಕಲ್ಲು ಸರಿಸುವುದು, ಒತ್ತುವುದು. ಮುಂದಿನ ರೋಲಿನಲ್ಲಿ ಹುಳಕ್ಕೆ ತಲೆ ಬಂತು, ಮೀಸೆಯೂ ಬಂತು. ಆ ಕೆಲಸದಲ್ಲಿ ಪೂರ್ತಿ ನನ್ನದೇ ಎನ್ನಬಹುದಾದದ್ದು ಆ ಕಲ್ಲು. ಆದರೆ ಚೀಲದಲ್ಲಿ ಅದನ್ನು ಹೊತ್ತು ಹೊಲದ ಬದುವಿನ ಮೇಲೆ ನಡೆದವಳು ಕಮಲಾ. ನೋಡಿದವರು "ಎಂಥಾ ಗಟ್ಟಿ ಸೊಸಿ ನೋಡು" ಎಂದದ್ದೂ ಅವಳಿಗೇ.

ಇನ್ನು ರಾಣಿ ಹುಳ ಉಳಿದಿತ್ತು. ಅದಿಲ್ಲದೆ ಪಟ ಆಗುವಂತಿರಲಿಲ್ಲ. ಸುಗ್ಗಿಯೂ ಹತ್ತಿರ ಬಂದಿತ್ತು. ಮಾಸ್ತರರು ಹೇಳಿ ಕಳಿಸಿದ ದಿನವೇ ಚಿತ್ತಾಪುರದಲ್ಲಿ ಕಮಲಾಳ ತಂಗಿಗೆ ಕುಬಸದ ಕಾರ್ಯ. ಮಲ್ಲಣ್ಣ ರಜೆ ಹಾಕಿ ಬಂದ. ಮೂವರೂ ಅವಳ ತವರುಮನೆಗೆ ಹೋದೆವು. ಬಸುರಿ ಹುಡುಗಿಗೆ ಬಳೆ ತೊಡಿಸಿ ಉಡಿ ತುಂಬುವ ಕಾರ್ಯಕ್ಕೆ ನಾನು ಒಳಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಕ್ಯಾಮೆರಾ ಕಾಯುತ್ತೇನೆಂದು ಪಡಸಾಲೆಯಲ್ಲಿ ಕುಳಿತೆ. ಬಳೆಗಾರ್ತಿಯ ನಗು, ಬಳೆಗಳ ಸದ್ದು, ಗುಲಾಬಿ ನೀರಿನ ವಾಸನೆ ಎಲ್ಲ ಹೊರಗೆ ಬಂತು. ಆಮೇಲೆ ಕಮಲಾಳೂ ಬಂದಳು. ಎರಡೂ ಕೈಗೆ ಹೊಸ ಹಸಿರು ಬಳೆ, ತುರುಬಿಗೆ ಮಲ್ಲಿಗೆ, ಕುತ್ತಿಗೆಗೆ ಅತ್ತರು.

"ನಡಿ ಅಕ್ಕಾ, ರಾಣಿ ಕಾಯ್ಲಿಕತ್ತಾಳ."

ಅತ್ತರು ಹುಳಕ್ಕೆ ಆಗುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮಾಸ್ತರರು ಆಗಲೇ ಪೆಟ್ಟಿಗೆ ತೆರೆದು ಹೊಗೆಯ ನಡುವೆ ನಿಂತಿದ್ದರು, ಅವರಿಗೆ ವಾಸನೆ ತಿಳಿಯಲಿಲ್ಲ.

ರಾಣಿ ಹುಳದ ಚಿತ್ರಕ್ಕೆ ನಾವು ಒಂದು ರೀತಿ ಮಾಡಿಕೊಂಡಿದ್ದೆವು. ಕಮಲಾ ಚೌಕಟ್ಟನ್ನು ಸ್ಟೂಲಿಗೆ ಆನಿಸಿ ಅಲುಗದಂತೆ ಹಿಡಿಯುವುದು. ಎರಿಯ ನಡುವೆ ಒಂದು ಬೆಂಕಿಕಡ್ಡಿ ಚುಚ್ಚಿ, ಆ ಕಡ್ಡಿ ಸ್ಪಷ್ಟವಾಗಿ ಕಾಣುವಂತೆ ನಾನು ಕ್ಯಾಮೆರಾ ಹೊಂದಿಸುವುದು. ಆಮೇಲೆ ಮಸುಕು ಗಾಜಿನ ಜಾಗಕ್ಕೆ ಪ್ಲೇಟು ಹಾಕಬೇಕು. ಪ್ಲೇಟು ಹಾಕಿದ ಮೇಲೆ ನನಗೆ ಏನೂ ಕಾಣುವುದಿಲ್ಲ. ರಾಣಿ ತಿರುಗಾಡುತ್ತಾ ಕಡ್ಡಿಯ ಹತ್ತಿರ ಬಂದಾಗ ಕಮಲಾ "ಬಂದ್ಲು" ಎನ್ನಬೇಕು, ನಾನು ಕ್ಯಾಮೆರಾದ ಕಣ್ಣು ತೆರೆಯುವ ರಬ್ಬರ್ ಗುಂಡು ಅಮುಕಬೇಕು. ಚಿತ್ರ ತೆಗೆಯುವವಳು ನಾನು, ನೋಡುವ ಕಣ್ಣು ಅವಳದು. ಚೌಕಟ್ಟು ಎಳ್ಳಷ್ಟು ಅಲುಗಿದರೂ ಎಲ್ಲ ಹಾಳು.

ಪ್ಲೇಟು ಹಾಕಿ ಗುಂಡು ಹಿಡಿದು ಕುಳಿತೆ. ನನ್ನ ಬರಿಗೈ ಚೌಕಟ್ಟಿನ ಪಕ್ಕದಲ್ಲೇ ಇತ್ತು. ಒಂದು ಹುಳ ಮಣಿಕಟ್ಟಿನಿಂದ ಮೊಣಕೈವರೆಗೆ ನಡೆದು ಹೋಯಿತು. ಕಣ್ಣು ಮುಚ್ಚಿಕೊಂಡೆ. ಅದು ಕಚ್ಚಲಿಲ್ಲ. ಕಚ್ಚಲು ನನ್ನಲ್ಲಿ ಏನಿತ್ತು? ವಾಸನೆಯಿಲ್ಲ, ಸದ್ದಿಲ್ಲ, ಬಣ್ಣವಿಲ್ಲ. ಕಮಲಾಳ ಬಳೆ ಸಣ್ಣಗೆ ಕಿಣಿಯೆಂದಿತು. ಅವಳು ಉಸಿರು ಎಳೆದುಕೊಂಡದ್ದು ಕೇಳಿತು.

"ಏನಾತು?"

"ಏನಿಲ್ಲ. ನೀ ಸುಮ್ ಕೂಡು."

ಮತ್ತೆ ಅದೇ ಉಸಿರು. ಮಾಸ್ತರರು "ತಂಗಿ, ಕಚ್ಚಾಕತ್ತಾವ, ಇಡು ಕೆಳಗ" ಎಂದರು.

"ಜರಾ ತಡೀರಿ. ಇಲ್ಲೇ ಅದಾಳ ಆಕಿ. ಈ ಕಡಿ ಬರಾಕತ್ತಾಳ."

ಕಣ್ಣು ತೆರೆದು ನೋಡಿದೆ. ಅವಳ ಕುತ್ತಿಗೆಯ ಮೇಲೆ ಎರಡು ಹುಳ, ಮಣಿಕಟ್ಟಿನ ಹತ್ತಿರ ಒಂದು. ಮುಖದಲ್ಲಿ ನೀರಿಳಿಯುತ್ತಿತ್ತು, ಕೈ ಕಲ್ಲಿನಂತಿತ್ತು. ಬಿಡು ಎಂದು ಹೇಳಬೇಕಾದವಳು ನಾನು. ಹೇಳಲಿಲ್ಲ. ಕೋಣೆ ನನ್ನ ಕಣ್ಣ ಮುಂದಿತ್ತು.

"ಬಂದ್ಲು. ಅಕ್ಕಾ, ಒತ್ತು."

ಒತ್ತಿದೆ.

ಅವಳನ್ನು ತವರುಮನೆಗೆ ಕರೆದುಕೊಂಡು ಬಂದೆವು. ಮಲ್ಲಣ್ಣ ಕಟ್ಟೆಯ ಮೇಲೆ ಕೂರಿಸಿ, ಮುಳ್ಳು ಕಿತ್ತು, ಎಲಿಯಡಿಕೆ ಡಬ್ಬಿಯ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಒಂದೊಂದು ಗಾಯಕ್ಕೂ ಹಚ್ಚಿದ. ಬೈಯುತ್ತಲೇ ಹಚ್ಚಿದ.

"ಹುಚ್ಚಿ ಇದ್ದೀ ಏನು? ಒಗೀಬಾರದೇನು ಅದನ್ನ?"

"ಒಗದಿದ್ರ ಅಕ್ಕನ ಫೋಟೋ ಹೋಗ್ತಿತ್ತು."

"ಹೋದ್ರ ಹೋಗ್ಲಿ. ಖೋಲಿ ನಿನಗ ಬರ್ತಿತ್ತು."

"ಸುಣ್ಣ ಹಚ್ರಿ ಸುಮ್ಮ. ಉರಿಯಾಕತ್ತದ. ಊದ್ರಿ ಜರಾ."

ಅವನು ಬಗ್ಗಿ ಅವಳ ಕುತ್ತಿಗೆಗೆ ಉಫ್ ಎಂದು ಊದಿದ. ನಾನು ಬಾಗಿಲಲ್ಲಿ ಪ್ಲೇಟಿನ ಪೆಟ್ಟಿಗೆ ಹಿಡಿದು ನಿಂತಿದ್ದೆ. ಸಣ್ಣವಳಿದ್ದಾಗಿನಿಂದ ಹುಳದ ಕೊಂಡಿಗೆ ಅಂಜಿದವಳು ನಾನು, ಆ ಹೊತ್ತಿನಲ್ಲಿ ನನಗೆ ಕಚ್ಚಬಾರದಿತ್ತೇ ಎಂದುಕೊಂಡೆ. ಕಚ್ಚಿದ್ದರೆ ಸುಣ್ಣ ಹಚ್ಚಿಕೊಳ್ಳುವವಳು ನಾನೇ, ಊದಿಕೊಳ್ಳುವವಳೂ ನಾನೇ. ಅವಳ ಬಳೆ, ಮಲ್ಲಿಗೆ, ನಗುವಿಗೆ ನಾನು ಮೊದಲಿನಿಂದ ಹೊಟ್ಟೆ ಉರಿದುಕೊಂಡಿದ್ದೆ. ಅವಳ ಬಾವುಗಳನ್ನು ಕಂಡಾಗ ಆ ಉರಿ ಎಲ್ಲಕ್ಕಿಂತ ಜೋರಾಗಿತ್ತು.

ಶಹಾಬಾದಕ್ಕೆ ಬಂದು ಕೆಂಪು ದೀಪದಲ್ಲಿ ಪ್ಲೇಟು ತೊಳೆದೆ. ರಾಣಿ ಹುಳ ಬಂದಿದ್ದಳು, ಬೆಂಕಿಕಡ್ಡಿಯ ಪಕ್ಕದಲ್ಲೇ, ಉದ್ದನೆಯ ಹೊಟ್ಟೆಯ ಮಡಿಕೆಗಳೂ ಎಣಿಸುವಂತೆ. ಚಿತ್ರದ ಒಂದು ಬದಿಗೆ ಕಮಲಾಳ ಕೈ ಬಂದಿತ್ತು. ಬಳೆಗಳ ಅಂಚಿನಲ್ಲಿ ಬೆನ್ನು ಬಾಗಿಸಿ ಕೊಂಡಿ ಊರುತ್ತಿರುವ ಆ ಒಂದು ಹುಳವೂ ಇತ್ತು. ಕೈ ಇದ್ದ ಬದಿಗೆ ಕರಿ ಕಾಗದ ಮುಚ್ಚಿ ಅಚ್ಚು ತೆಗೆದೆ. ರಾಣಿ ಒಬ್ಬಳೇ ಇದ್ದ ಆ ಚಿತ್ರದಲ್ಲಿ ಒಂದು ಕುಂದೂ ಇರಲಿಲ್ಲ. ಪೂರ್ತಿ ನನ್ನದಾಗಿತ್ತು. ಮಾಸ್ತರರು ಅದನ್ನು ನೋಡಿ, ಪ್ಲೇಟನ್ನೂ ತೋರಿಸಿರಿ ಎಂದರು. ಬೆಳಕಿಗೆ ಹಿಡಿದರು.

"ಅಕ್ಕಾರ, ಕೈ ಯಾಕ ಮುಚ್ಚೀರಿ? ಇದೇ ಬೇಕು ನಮಗ. ಹೆಣ್ಣುಮಗಳ ಕೈ ನೋಡಿದ್ರ ರೈತರ ಅಂಜಿಕಿ ಹೋಗ್ತದ. ಕೊಂಡಿ ಊರೋ ಹುಳ ಒಂದನ್ನ ಮುಚ್ಚಿಬಿಡ್ರಿ."

ಕೊಂಡಿ ಊರುವ ಹುಳವನ್ನು ಬ್ರಷ್‌ನಿಂದ ತಿದ್ದಿ ಅಳಿಸಿದೆ. ಕೈ ಉಳಿಯಿತು. ಆ ಪಟ ಸೇಡಂ, ಚಿತ್ತಾಪುರ, ಚಿಂಚೋಳಿಯ ಎಷ್ಟೋ ಗೋಡೆಗಳ ಮೇಲೆ ತೂಗಿತು. ಕಚೇರಿಯ ಕೆಲಸ ನನಗೆ ಬಂತು, ಕೋಣೆಯೂ ನನ್ನದಾಗಿಯೇ ಉಳಿಯಿತು. ಅವಳ ಮಶೀನ್ ಹೊರಗಿನ ಕಟ್ಟೆಗೆ ಬಂತು. ಮಳೆ ಬಂದರೆ ಒಳಗೆ ಎತ್ತಿಡಬೇಕಿತ್ತು. ಅವಳ ಕೈಯಿಂದ ಉಳಿದ ಕೋಣೆಯಲ್ಲಿ ಕುಳಿತು ನಾನು ಅವಳ ಮಶೀನಿನ ಸದ್ದು ಕೇಳುತ್ತಿದ್ದೆ. ನೋಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು, ಇದು ಯಾರ ಕೈ?

ಚಿಂಚೋಳಿಯ ಪ್ರದರ್ಶನಕ್ಕೆ ದೊಡ್ಡ ಸಾಹೇಬರೊಬ್ಬರು ಬಂದಿದ್ದರು. ಫೋಟೋ ತೆಗೆದ ಹೆಣ್ಣುಮಗಳಿಗೆ ಹಾರ ಹಾಕಬೇಕೆಂದರು. ಅವರು ನಡೆದು ಬರುವುದನ್ನು ಕಂಡು ನಾನು ಡೇರೆಯ ಹಿಂದೆ ಸರಿದೆ. ಪಟದ ಎದುರು ನಿಂತು ರೈತರಿಗೆ ವಿವರಿಸುತ್ತಿದ್ದ ಕಮಲಾಳಿಗೆ ಹಾರ ಬಿತ್ತು. "ನಾನಲ್ಲರಿ ಸಾಹೇಬ್ರ, ನಮ್ಮಕ್ಕ, ಇಲ್ಲೇ ಇದ್ದಳು" ಎಂದು ಅವಳು ಸುತ್ತಲೂ ಹುಡುಕಿದಳು. ಡೇರೆಯ ಬಟ್ಟೆಯ ಸಂದಿಯಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ. ಆಮೇಲೆ ಅವಳು ಹಾರ ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕ್ಯಾಮೆರಾದ ಪೆಟ್ಟಿಗೆಯ ಮೇಲಿಟ್ಟೆ. ಅವಳ ಕೊರಳಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು.

ಕೆಲಸ ಹಾಗೇ ನಡೆಯಿತು. ಮಾಸ್ತರರು ವರ್ಗವಾಗಿ ಹೋದರು, ಬೇರೆಯವರು ಬಂದರು. ನೋಡಿದ್ದೇ ಚಿತ್ರವಾಗಿ ಬೀಳುವ ಹೊಸ ಕ್ಯಾಮೆರಾ ಬಂತು. ಕಲ್ಲು, ಕಡ್ಡಿ, ಬಟ್ಟೆ ಯಾವುದೂ ಬೇಡವಾಯಿತು. ನಾನು ಮಾತ್ರ ಆ ತಗಡಿನ ಪೆಟ್ಟಿಗೆಯನ್ನು ಎಲ್ಲಿಗೆ ಹೋದರೂ ಒಯ್ಯುತ್ತಿದ್ದೆ. ಬ್ರಷ್ಷು, ಲೆನ್ಸು ಒರೆಸುವ ಬಟ್ಟೆ, ಫಿಲ್ಮ್ ರೋಲು ಅದರಲ್ಲೇ. ಹುಡುಗಿಯರಿಗೆ ತೊಡಿಸುತ್ತಿದ್ದ ಹಸಿರು ಬಳೆ ತಳದಲ್ಲಿ ಹಾಗೇ ಉಳಿದಿದ್ದವು.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಮಲ್ಲಣ್ಣ ತೀರಿಕೊಂಡ. ಕಮಲಾ ಬಹಳ ದಿನ ಮನೆಯಿಂದ ಹೊರಗೆ ಬರಲಿಲ್ಲ. ಮಶೀನಿನ ಸದ್ದೂ ನಿಂತಿತು. ಆ ಹೊತ್ತಿಗೆ ಕಚೇರಿಯವರು ಹಳೆಯ ಪಟವನ್ನೇ ಬಣ್ಣದಲ್ಲಿ ಮತ್ತೆ ತೆಗೆದುಕೊಡಿ ಎಂದರು. ಚಿಂಚೋಳಿಯ ಹೊರಗೆ ಗುರೆಳ್ಳು ಹೂಬಿಟ್ಟ ಹೊಲದ ಬದುವಿನಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದರು. ಬಾ ಎಂದು ಕಮಲಾಳನ್ನು ಕರೆದೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದಳು.

ಚೌಕಟ್ಟು ಎತ್ತಿ ಹಿಡಿದಳು. ಹುಳ ಅವಳ ಬೆರಳ ಮೇಲೆ ಹರಿದಾಡಿದವು. ನಾನು ಹತ್ತಿರ ಹೋದೆ.

"ಅಂಜಬ್ಯಾಡ ಅಕ್ಕಾ. ಈಗ ನನಗೂ ಕಚ್ಚಂಗಿಲ್ಲ. ನಾನೂ ನಿನ್ನಂಗೇ ಆದೆ."

ಕ್ಯಾಮೆರಾದಲ್ಲಿ ನೋಡಿದೆ. ರಾಣಿ ಎರಿಯ ನಡುವೆಯೇ ಇದ್ದಳು, ಬೆಳಕು ಚೆನ್ನಾಗಿತ್ತು. ಅಂಚಿನಲ್ಲಿ ಒಂದು ಬರಿಗೈ, ಸುಕ್ಕು ಬಿದ್ದದ್ದು. ಅದು ನನ್ನ ಕೈಯೂ ಆಗಬಹುದಿತ್ತು. ಅಷ್ಟು ವರ್ಷ ಆ ಕೈಯನ್ನು ಕಂಡಾಗಲೆಲ್ಲ ಎದ್ದಿದ್ದ ಉರಿಯನ್ನು ಹುಡುಕಿದೆ. ಇರಲಿಲ್ಲ. ಮನೆಯೊಳಗೆ ಒಲೆ ಆರಿದ ಹಾಗಾಗಿತ್ತು. ನನಗೆ ಒತ್ತಲು ಆಗಲಿಲ್ಲ.

ಚೌಕಟ್ಟನ್ನು ಸ್ಟೂಲಿಗೆ ಆನಿಸಲು ಹೇಳಿದೆ. ತಗಡಿನ ಪೆಟ್ಟಿಗೆಯ ತಳದಿಂದ ಹಸಿರು ಬಳೆ ತೆಗೆದೆ.

"ಕೈ ಮುಂದ ಮಾಡು."

"ಏನಕ್ಕಾ ಇದು? ಮಂದಿ ನೋಡಿದ್ರ ಏನಂತಾರ?"

"ಫೋಟೋದಾಗ ಕೈ ಅಷ್ಟ ಬರ್ತದ. ಮಾರಿ ಬರಂಗಿಲ್ಲ."

"ಕಚೇರಿಯವರು ಬಳಿ ಕೇಳ್ಯಾರೇನು?"

"ನಾ ಕೇಳಾಕತ್ತೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು. ಬಳೆ ಸ್ವಲ್ಪ ಬಿಗಿಯಾಗಿದ್ದವು. ಬೆರಳು ಮಡಿಸಿ ಹಿಡಿದು ಮೆಲ್ಲಗೆ ಏರಿಸಿದೆ. ಈ ಸಲ ಬೇರೆ ಯಾರನ್ನಾದರೂ ಕರೀರಿ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅವಳು ಮಣಿಕಟ್ಟು ತಿರುವಿ ಒಮ್ಮೆ ಸದ್ದು ಮಾಡಿ ನೋಡಿಕೊಂಡಳು. ಇನ್ನೊಮ್ಮೆ ಮಾಡಿದಳು. ಮತ್ತೆ ಚೌಕಟ್ಟು ಎತ್ತಿದಳು. ಗುರೆಳ್ಳು ಹೂವಿನ ಹಳದಿ ಬಣ್ಣ ಗಾಜಿನ ಬಳೆಗಳ ಮೇಲೆ ಬಿದ್ದು ಮಿಂಚಿತು. ಒಂದು ಹುಳ ಬಳೆಯಿಂದ ಬಳೆಗೆ ಕಾಲಿಡುತ್ತಾ ದಾಟಿತು. ಕಮಲಾಳ ಮುಖದಲ್ಲಿ ಆ ಹಳೆಯ ನಗು, ಬಾಯಿತುಂಬ.

ಎಂಥ ಚೆಂದದ ಕೈ. ನನ್ನ ಹೊಟ್ಟೆಯಲ್ಲಿ ಚುರ್ ಎಂದಿತು. ಅದೇ ಉರಿ, ಇದ್ದ ಜಾಗಕ್ಕೇ ಬಂದು ಕೂತಿತು. ಅದು ಬಂದ ಸಂತೋಷದಲ್ಲಿ ನಾನು ಕೆಲಸವನ್ನೇ ಮರೆತು ನೋಡುತ್ತಾ ನಿಂತುಬಿಟ್ಟೆ.

"ಬಂದ್ಲು" ಎಂದಳು ಕಮಲಾ. "ಅಕ್ಕಾ, ಒತ್ತು."